ಹನ್ನೆರಡರಿಂದ ನಾಲ್ಕರ ಟೈಪಿಂಗ್ ಕ್ಲಾಸು

ಆ ಎರಡು ವರ್ಷ ನಾವು ಗಂಡ ಹೆಂಡತಿ ಮಾತಾಡಿದ್ದಕ್ಕಿಂತ ಚೀಟಿ ಬರೆದದ್ದೇ ಹೆಚ್ಚು. ನಾನು ಜೇವರ್ಗಿಯ ಒಂದು ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್ ಆಗಿದ್ದೆ. ಬೆಳಗ್ಗೆ ಹತ್ತಕ್ಕೆ ಹೋದರೆ ಸಂಜೆ ಏಳರವರೆಗೆ ಬಿಡುಗಡೆ ಇಲ್ಲ. ನಮ್ಮ ಮನೆಯವರು ಸರಕಾರಿ ಬಸ್ಸಿನ ಡ್ರೈವರ್. ಅವರದು ವಸ್ತಿ ಬಸ್ಸಿನ ಡ್ಯೂಟಿ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟು ಗುಲ್ಬರ್ಗಾಕ್ಕೆ ಒಂದು ಸಲ ಹೋಗಿ ಬಂದು, ಆಮೇಲೆ ಘತ್ತರಗಿ ಕಡೆಯ ಒಂದು ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ತಂಗಬೇಕು. ಮರುದಿನ ನಸುಕಿನಲ್ಲಿ ಆ ಊರಿನ ಜನರನ್ನು ಹತ್ತಿಸಿಕೊಂಡು ಹೊರಟರೆ ಎರಡು ಮೂರು ಸುತ್ತು ಮುಗಿಸಿ ಮನೆ ಸೇರುವಾಗ ನಾಲ್ಕು ಗಂಟೆ. ಅಲ್ಲಿಂದ ಮುಂದಿನ ಹನ್ನೆರಡರವರೆಗೆ ಬಿಡುವು, ಮತ್ತೆ ಅದೇ ಸುತ್ತು. ಎರಡು ದಿನಕ್ಕೊಂದು ರಾತ್ರಿ ಒಂದೇ ಸೂರಿನಡಿ ಇರುತ್ತಿದ್ದೆವು, ನಿಜ. ಆದರೆ ನಾನು ಬಂದು ಒಲೆ ಹಚ್ಚುವ ಹೊತ್ತಿಗೆ ಅವರ ಕಣ್ಣು ಎಳೆಯುತ್ತಿದ್ದವು, ಬೆಳಗ್ಗೆ ಅವರು ಆರಾಮವಾಗಿ ಚಹಾಕ್ಕೆ ಕೂರುವಾಗ ನಾನು ಚಪ್ಪಲಿ ಹುಡುಕುತ್ತಿದ್ದೆ.

ಚೀಟಿಗೆ ಜಾಗ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ. ಹಿಟ್ಟು ಮುಟ್ಟದೆ ನಮ್ಮ ಕಡೆ ಯಾವ ಮನೆಯ ದಿನವೂ ಸಾಗುವುದಿಲ್ಲ, ಹಾಗಾಗಿ ಚೀಟಿ ಕಣ್ಣಿಗೆ ಬೀಳದೆ ಹೋಗುವ ಭಯ ಇರಲಿಲ್ಲ. ಹಾಲು ಕಾಯಿಸಿದ್ದೇನೆ, ಮಗಳಿಗೆ ಕೆಮ್ಮು, ಸೀಮೆಎಣ್ಣೆ ಮುಗಿದಿದೆ, ಇಂಥವೇ. ಜಗಳವನ್ನೂ ಚೀಟಿಯಲ್ಲೇ ಆಡುತ್ತಿದ್ದೆವು. ಚೀಟಿಯ ಜಗಳ ಮುಗಿಯಲು ಮೂರು ದಿನ ಬೇಕು. ಅಷ್ಟರಲ್ಲಿ ಅದು ಯಾತಕ್ಕೆ ಶುರುವಾಯಿತೆಂಬುದು ಇಬ್ಬರಿಗೂ ಮರೆತು ಹೋಗಿರುತ್ತಿತ್ತು.

ಒಂದು ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಐದು ವರ್ಷದ ಮಗಳು ಬಂದು ಡಬ್ಬಿಯ ಮುಚ್ಚಳದ ಮೇಲೆ ಒಂದು ಕಾಗದದ ಚೂರು ಇಟ್ಟು ನಿಂತಳು. ಅದರಲ್ಲಿ ಸೊಟ್ಟ ಗೆರೆಗಳು, ನಡುವೆ ಒಂದೆರಡು ಸೊನ್ನೆ. ಅವಳಿಗಿನ್ನೂ ಅಕ್ಷರ ಬರುತ್ತಿರಲಿಲ್ಲ.

"ಏನಿದು?" ಎಂದೆ.

"ನಿನಗ ಚೀಟಿ ಬರದೀನವ್ವಾ."

"ನಾ ಇಲ್ಲೇ ಎದುರಿಗೇ ಇದ್ದೀನಲ್ಲ, ಬಾಯಿಲೇ ಹೇಳು."

"ಅದರಾಗ ಬರದೀನಿ. ಓದು," ಎಂದಳು.

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮನೆಯಲ್ಲಿ ಒಬ್ಬರಿಗೊಬ್ಬರು ಏನಾದರೂ ಹೇಳುವ ರೀತಿಯೇ ಇದು ಎಂದು ಆ ಮಗು ತಿಳಿದುಕೊಂಡಿತ್ತು. ಆ ತಿಂಗಳ ಕೊನೆಗೆ ಕಚೇರಿ ಬಿಟ್ಟೆ.

ಬಿಟ್ಟು ಕೂರುವ ಮನೆ ನಮ್ಮದಲ್ಲ, ಏನಾದರೂ ಮಾಡಲೇಬೇಕಿತ್ತು. ನನಗೆ ಬರುತ್ತಿದ್ದದ್ದು ಟೈಪಿಂಗ್ ಒಂದೇ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅದರ ಬೆನ್ನಿಗೆ ನಮ್ಮ ಮನೆಯವರ ಹದಿನೈದು ದಿನದ ಡ್ಯೂಟಿಯನ್ನು ಗೆರೆ ಹಾಕಿ ಬರೆದೆ. ಅವರು ಮನೆಯಲ್ಲಿರುವ ಹೊತ್ತಿಗೆ ನೀಲಿ ಬಣ್ಣ, ಮಗಳು ಮನೆಯಲ್ಲಿರುವ ಹೊತ್ತಿಗೆ ಹಸಿರು. ಬಣ್ಣ ಬೀಳದೆ ಉಳಿದದ್ದು ದಿನಾಲೂ ಒಂದೇ ತುಂಡು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಅಮಾವಾಸ್ಯೆಯ ದಿನ ಮಾತ್ರ ಘತ್ತರಗಿ ಭಾಗ್ಯವಂತಿಗೆ ಹೋಗುವ ಜನರಿಗಾಗಿ ಹೆಚ್ಚಿನ ಸುತ್ತು ಬೀಳುತ್ತಿತ್ತು, ಅವತ್ತು ಅವರು ಯಾವಾಗ ಬರುತ್ತಾರೆಂದು ದೇವಿಗೇ ಗೊತ್ತು. ಆ ದಿನದ ಸಂಜೆಯನ್ನು, ತಪ್ಪಿಹೋದ ಪಾಠ ತುಂಬಿಸಲು ಎಂದು ಗುರುತು ಹಾಕಿಕೊಂಡೆ. ಬೇರೆಯವರು ಅಂಗಡಿ ತೆರೆದು ಆಮೇಲೆ ಮನೆಗೆ ಹೊತ್ತು ಹುಡುಕುತ್ತಾರೆ. ನಾನು ಮನೆಯ ಹೊತ್ತನ್ನು ಮೊದಲು ಕತ್ತರಿಸಿ ಎತ್ತಿಟ್ಟು, ಉಳಿದ ತುಂಡಿನಲ್ಲಿ ಅಂಗಡಿ ಹೊಲಿಯಲು ಕೂತೆ.

ಗುಲ್ಬರ್ಗಾದಲ್ಲಿ ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯವರಿಂದ ನಾಲ್ಕು ಹಳೆಯ ಮಶೀನು ತಂದೆವು. ಬಸ್ಸಿನ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟು, ನಮ್ಮ ಮನೆಯವರೇ ತಗ್ಗು ದಿನ್ನೆ ನೋಡಿ ನೋಡಿ ಓಡಿಸಿಕೊಂಡು ಬಂದರು. ಹಿಂದಿನ ಸೀಟಿನವರು ಇವತ್ತೇನು ಡ್ರೈವರಣ್ಣ ಮದುವೆ ಹೆಣ್ಣನ್ನು ಕರೆದೊಯ್ಯುತ್ತಿದ್ದಾನೋ ಎಂದು ಕೇಳಿದರಂತೆ. ನಾವು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ನಾಲ್ಕು ಮೇಜು ಹಾಕಿ, ಗೋಡೆಗೆ ಕೀಲಿಗಳ ಚಿತ್ರ ಅಂಟಿಸಿ, ಬಾಗಿಲಿಗೆ ಬೋರ್ಡು ತೂಗುಹಾಕಿದೆ. ಸಮಯ ಹನ್ನೆರಡರಿಂದ ನಾಲ್ಕು ಎಂದು ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದೆ.

ಬೋರ್ಡು ನೋಡಿ ನಕ್ಕವರೇ ಹೆಚ್ಚು. ಟೈಪಿಂಗ್ ಕಲಿಯುವವರು ಕಾಲೇಜು ಹುಡುಗರು, ಸಣ್ಣ ನೌಕರಿಯವರು. ಅವರಿಗೆ ಬಿಡುವು ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಮೇಲೆ. ಬಂದು ಕೇಳಿದವರಿಗೆಲ್ಲ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಮಟಮಟ ಮಧ್ಯಾಹ್ನ ಟೈಪ್ ಕಲಿಯಲು ದೆವ್ವ ಬರುತ್ತವೆಯೇ ಎಂದು ಒಬ್ಬ ಗುಮಾಸ್ತರು ಕೇಳಿದರು. ಮೂರು ವಾರ ದೆವ್ವವೂ ಬರಲಿಲ್ಲ. ನಾನು ಒಬ್ಬಳೇ ಕೂತು ನಾಲ್ಕೂ ಮಶೀನಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ರಿಬ್ಬನ್ ಒಣಗದಿರಲಿ ಎಂದು ಸರದಿಯ ಮೇಲೆ ಒಂದೊಂದು ಹಾಳೆ ಹೊಡೆಯುತ್ತಿದ್ದೆ. ಸಂಜೆ ನಾಲ್ಕಕ್ಕೆ ಮಾತ್ರ ಮಗಳು ಶಾಲೆಯಿಂದ ಬಂದು ತೊಡೆಯ ಮೇಲೆ ಕೂರುತ್ತಿದ್ದಳು. ಅರ್ಧ ಯೋಜನೆ ಫಲಿಸಿದೆ, ಇನ್ನರ್ಧ ಮಣ್ಣು ಮುಕ್ಕುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದಾರಿ ತೋರಿಸಿದ್ದು ಹಿಟ್ಟಿನ ಗಿರಣಿ. ಹನ್ನೊಂದರ ಹೊತ್ತಿಗೆ ಅಲ್ಲಿ ಹೆಂಗಸರ ಸಾಲು. ರೊಟ್ಟಿ ಮುಗಿದಿರುತ್ತದೆ, ಗಂಡಸರು ಹೊಲಕ್ಕೆ ಅಂಗಡಿಗೆ ಹೋಗಿರುತ್ತಾರೆ, ಸಂಜೆಯ ನೀರು ಬರುವವರೆಗೆ ಸ್ವಲ್ಪ ಪುರುಸೊತ್ತು. ಅಲ್ಲಿ ಒಬ್ಬ ತಾಯಿ ತನ್ನ ಮೆಟ್ರಿಕ್ ಮುಗಿದ ಮಗಳ ಬಗ್ಗೆ ಗೊಣಗುತ್ತಿದ್ದಳು. ಕಲಿಯುತ್ತೇನೆ ಎನ್ನುತ್ತಾಳೆ, ಆದರೆ ನಸುಕಿನಲ್ಲಿ ಹೇಗೆ ಕಳಿಸಲಿ, ಕತ್ತಲಾದ ಮೇಲೆ ಹೇಗೆ ಕಳಿಸಲಿ ಎಂಬುದು ಅವಳ ಮಾತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ನನ್ನ ಕಥೆ. ನನಗೆ ಬಿಡುವಿದ್ದ ಹೊತ್ತೇ ಊರಿನ ಹೆಣ್ಣುಮಕ್ಕಳಿಗೂ ಬಿಡುವಿನ ಹೊತ್ತು. ಮಧ್ಯಾಹ್ನ ಕಳಿಸು, ನಾಲ್ಕರೊಳಗೆ ಮನೆ ಮುಟ್ಟಿಸುವುದು ನನ್ನ ಜವಾಬ್ದಾರಿ ಎಂದೆ. ಆ ಹುಡುಗಿ ಎರಡು ಜಡೆ ಹಾಕಿಕೊಂಡು ಮರುದಿನವೇ ಬಂದಳು. ತಿಂಗಳಲ್ಲಿ ಏಳು ಹುಡುಗಿಯರಾದರು.

ಅವರ ಮನೆಯವರು ಕಳಿಸಲು ಇನ್ನೊಂದು ಕಾರಣ ನಮ್ಮ ಮನೆಯ ಮಾಲಕರು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಕಚೇರಿಯಲ್ಲಿ ಪೇಶಿಗೆ, ಅಂದರೆ ವಿಚಾರಣೆಗೆ, ಕಡತ ಮಂಡಿಸುವ ಪೇಶ್ಕಾರರಾಗಿ ನಿವೃತ್ತರಾದವರು, ನಿಜಾಮರ ಕಾಲದ ಉರ್ದು ಕಡತಗಳನ್ನು ಮುತ್ತು ಪೋಣಿಸಿದ ಹಾಗೆ ಬರೆದವರು. ಅಂಗಳದ ಬಾಗಿಲ ಬಳಿ ಆರಾಮಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಚಾಚಾ ಬಾಗಿಲಲ್ಲಿ ಇರುವ ಮನೆಗೆ ಹುಡುಗಿಯನ್ನು ಕಳಿಸಲು ಯಾರಿಗೂ ಅಳುಕು ಇರಲಿಲ್ಲ, ಹಿಂದೂಗಳಿಗಾಗಲಿ ಮುಸಲ್ಮಾನರಿಗಾಗಲಿ.

ಆದರೆ ಚಾಚಾ ಮಧ್ಯಾಹ್ನದ ನಮಾಜು ಮುಗಿಸಿ ಅದೇ ಕುರ್ಚಿಯಲ್ಲಿ ಒಂದೂವರೆ ತಾಸು ನಿದ್ದೆ ಮಾಡುವವರು. ಮೊದಲ ವಾರವೇ ನಾಲ್ಕು ಮಶೀನಿನ ಸದ್ದಿಗೆ ಅವರ ನಿದ್ದೆ ಕೆಟ್ಟಿತು. ಬೈಯಲಿಲ್ಲ. ಕೆಂಪು ಕಣ್ಣು ಮಾಡಿಕೊಂಡು ಬಂದು, "ಬೇಟಿ, ನಿನ್ನ ಮಶೀನ್ ನನ್ನ ತಲ್ಯಾಗ ಪೇಶಿ ನಡಸಾಕತ್ತಾವ," ಎಂದರು. ಅವರು ಬೇಡ ಎಂದರೆ ಕ್ಲಾಸೂ ಇಲ್ಲ, ಹುಡುಗಿಯರೂ ಇಲ್ಲ.

ಅವತ್ತೇ ಪೆಟ್ಟಿಗೆಯಲ್ಲಿದ್ದ ಕೌದಿಗಳನ್ನು ಹೊರತೆಗೆದೆ. ಹಳೆ ಸೀರೆಯ ಪದರುಗಳನ್ನು ಒಟ್ಟಿ ಹೊಲಿದ ಅವು ರೊಟ್ಟಿಯ ಕಲ್ಲಿಗಿಂತ ದಪ್ಪ. ಪ್ರತಿ ಮಶೀನಿನ ಕೆಳಗೆ ನಾಲ್ಕು ಮಡಿಕೆ ಮಾಡಿ ಹಾಸಿದೆ. ಸದ್ದು ಅರ್ಧ ಇಳಿಯಿತು. ಉಳಿದದ್ದು ಗಂಟೆ. ಟೈಪ್ ಮಾಡುವಾಗ ಸಾಲು ಮುಗಿಯಲು ಏಳೆಂಟು ಅಕ್ಷರ ಇರುವಾಗ ಮಶೀನಿನ ಪುಟ್ಟ ಗಂಟೆ ಟಿಣ್ ಎನ್ನುತ್ತದೆ. ಆಗ ಹಿಡಿದ ಪದ ಮುಗಿಸಿ, ಎಡಗೈಯಿಂದ ಹಿಡಿಕೆ ತಳ್ಳಿ ಹೊಸ ಸಾಲಿಗೆ ಬರಬೇಕು. ಆ ಟಿಣ್ ಸದ್ದು ಚಾಚಾರ ಕಿವಿಗೆ ಸೂಜಿಯಂತೆ ಚುಚ್ಚುತ್ತಿತ್ತು. ನಾಲ್ಕೂ ಗಂಟೆಗಳಿಗೆ ಅರಳೆ ಸುತ್ತಿದೆ. ಆಮೇಲೆ ಬರೀ ಟುಕ್ ಎಂಬ ಸಣ್ಣ ಸದ್ದು. ಕಿವಿಗೊಟ್ಟವರಿಗಷ್ಟೇ ಅದು ಕೇಳುವಂಥದ್ದು. ಚಾಚಾರ ಗೊರಕೆ ಮತ್ತೆ ಶುರುವಾಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಐದು ತಿಂಗಳು ಚೆನ್ನಾಗಿ ಹೋದವು. ಮೊದಲ ವಾರ ನಡುಸಾಲಿನ ಕೀಲಿಗಳು, ಎಡಗೈ ನಾಲ್ಕು ಬೆರಳು, ಬಲಗೈ ನಾಲ್ಕು ಬೆರಳು. ಎರಡನೆಯ ವಾರ ಮೇಲಿನ ಸಾಲು. ಕಿರುಬೆರಳು ಮೊಂಡುತನ ಮಾಡುವ ಬೆರಳು, ಅದಕ್ಕೇ ಒಂದು ವಾರ. ಕೀಲಿ ನೋಡಿ ಹೊಡೆಯಬಾರದೆಂದು ಕೈಗಳ ಮೇಲೆ ಬಟ್ಟೆ ಹೊದಿಸುತ್ತಿದ್ದೆ. ಬೆರಳುಗಳಿಗೆ ಸಮ ನಡೆ ಬರಲೆಂದು ನಾನು ಅಂಗೈ ತಟ್ಟಿ ಲೆಕ್ಕ ಕೊಡುತ್ತಿದ್ದೆ, ಅದನ್ನೂ ಮೆಲ್ಲಗೆ. ನೋಡಲು ಬಂದವರು ಗುಡಿಯಲ್ಲಿದ್ದಷ್ಟು ಶಾಂತ ಎಂದು ಹೊಗಳಿದರು. ನಾಲ್ಕಕ್ಕೆ ಮಶೀನುಗಳಿಗೆ ಕೌದಿ ಹೊದಿಸಿ ಬಾಗಿಲು ಹಾಕಿದರೆ ಸಂಜೆ ಪೂರ್ತಿ ನಮ್ಮದು. ಅವರು ಬಂದ ದಿನ ಚುರುಮುರಿ ನೆನೆಸಿ, ಒಗ್ಗರಣೆ ಹಾಕಿ ಸುಸಲಾ ಮಾಡಿ, ಅಂಗಳದಲ್ಲಿ ಮೂವರೂ ಕೂತು ತಿನ್ನುತ್ತಿದ್ದೆವು. ಹಿಟ್ಟಿನ ಡಬ್ಬಿಯ ಮೇಲೆ ಚೀಟಿ ಬೀಳುವುದು ನಿಂತಿತ್ತು. ಮದುವೆಯಾಗಿ ಏಳು ವರ್ಷಕ್ಕೆ, ನಮ್ಮವರಿಗೆ ಹಾಡು ಗುನುಗುವ ಚಟ ಇದೆಯೆಂದು ನನಗೆ ಆಗ ಗೊತ್ತಾಯಿತು.

ಆಮೇಲೆ ಪರೀಕ್ಷೆ ಬಂತು. ಗುಲ್ಬರ್ಗಾದ ಒಂದು ಶಾಲೆಯಲ್ಲಿ ಕೇಂದ್ರ. ಏಳೂ ಹುಡುಗಿಯರನ್ನು ಕರೆದುಕೊಂಡು ಹೋದೆ. ದೊಡ್ಡ ಹಾಲು, ಸಾಲುಸಾಲಾಗಿ ನಲವತ್ತು ಮಶೀನು, ಕೆಳಗೆ ಬರಿಯ ಹಲಗೆಯ ಮೇಜು. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ಶುರು ಎಂದದ್ದೇ ತಡ, ಆಲಿಕಲ್ಲು ಸುರಿದ ಹಾಗೆ ಸದ್ದು ಎದ್ದಿತು. ಅದರ ಮೇಲೆ ನಲವತ್ತು ಗಂಟೆಗಳು, ಒಂದಾದ ಮೇಲೊಂದು. ನನ್ನ ಹುಡುಗಿಯರು ಐದು ತಿಂಗಳಿಂದ ಒಂದೇ ಒಂದು ಟಿಣ್ ಕೂಡ ಕೇಳಿರಲಿಲ್ಲ. ಅದು ನನಗೆ ಆ ಮರದ ಕೆಳಗೆ ಹೊಳೆಯಿತು. ಹೊಳೆದು ಏನು ಪ್ರಯೋಜನ?

ಹತ್ತು ನಿಮಿಷದ ವೇಗದ ಪರೀಕ್ಷೆ ಮುಗಿದು ಹೊರಬಂದಾಗ ಎರಡು ಜಡೆಯ ಹುಡುಗಿಯ ಮುಖ ಬಿಳಿಚಿಹೋಗಿತ್ತು. ಯಾರದೋ ಗಂಟೆ ಬಾರಿಸಿದರೆ ತನ್ನದೇ ಎಂದು ತಿಳಿದು ಹಿಡಿಕೆ ತಳ್ಳಿದ್ದಳಂತೆ. ಅರ್ಧ ಸಾಲಿಗೆ ಒಂದು ಸಾಲು, ಎರಡು ಪದಕ್ಕೆ ಒಂದು ಸಾಲು. ಅವಳ ಹಾಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತಂತೆ. ಉಳಿದವರದೂ ಹೆಚ್ಚು ಕಡಿಮೆ ಇದೇ ಪಾಡು. ನಮ್ಮಲ್ಲಿ ಸೋಮಾರಿ ಬೆರಳಿನವಳು ಎಂದು ಹೆಸರಾದ ಕಂಬಾರರ ಹುಡುಗಿ ಮಾತ್ರ ಏನೂ ಆಗದವಳಂತೆ ಸೀಬೆಹಣ್ಣು ತಿನ್ನುತ್ತ ನಿಂತಿದ್ದಳು.

ಫಲಿತಾಂಶ ಬಂದಾಗ ಏಳರಲ್ಲಿ ಇಬ್ಬರೇ ಪಾಸು. ಒಬ್ಬಳು ಈ ಮೊದಲು ಬೇರೆ ಊರಲ್ಲಿ ಕಲಿತು ಬಂದವಳು. ಇನ್ನೊಬ್ಬಳು ಆ ಕಂಬಾರರ ಹುಡುಗಿ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಮೂರು ಮನೆಯವರು ಸಾಕು ಎಂದು ಮಗಳನ್ನು ಬಿಡಿಸುವ ಮಾತಾಡಿದರು. ಎರಡು ಜಡೆಯ ಹುಡುಗಿಯ ತಂದೆ, ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಮದುವೆ ಮಾಡಿಬಿಡುತ್ತೇನೆ ಎಂದು ಹೇಳಿ ಹೋದರು.

ಅದೇ ವಾರ ಬಸ್‌ಸ್ಟ್ಯಾಂಡ್ ಎದುರಿನ ಬೀಜ ಗೊಬ್ಬರದ ಅಂಗಡಿಯ ಸಾವಕಾರರು ಮನೆಗೆ ಬಂದರು. ಅವರ ಅಂಗಡಿಯ ಮೇಲೆ ದೊಡ್ಡ ಕೋಣೆ ಖಾಲಿ ಇತ್ತು. ಹತ್ತು ಮಶೀನು ತಾವೇ ಹಾಕಿಸುತ್ತಾರೆ, ಕಲಿಸುವುದಷ್ಟೇ ನನ್ನ ಕೆಲಸ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಒಂಬತ್ತು. ನಾನು ನನ್ನ ಹೊತ್ತಿನ ವಿಷಯ ಎತ್ತಿದೆ.

"ಮಂದಿ ಬರೂ ಹೊತ್ತಿಗಿ ಬಾಗಲಾ ತೆರೀಬೇಕ್ರಿ ಅಕ್ಕೋರ," ಎಂದರು ಸಾವಕಾರರು. "ನಿಮ್ಮ ಹೊತ್ತಿಗಿ ಮಂದಿ ಬರಬೇಕಂದ್ರ ಅದು ಹೆಂಗ ಧಂದೆ ಆಗ್ತದ್ರಿ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ಹೋದ ಮೇಲೆ ನಮ್ಮವರ ಮುಖ ನೋಡಿದೆ. ಅವರಿಗೆ ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಇಲ್ಲ, ನೇರವಾಗಿ ಹೇಳುವವರು. ಅವತ್ತು ಮಾತ್ರ ಚಹಾವನ್ನು ಬಸಿಗೆ ಸುರಿದು ಮತ್ತೆ ಕಪ್ಪಿಗೇ ಸುರಿದರು.

"ಒಪ್ಪಿದ್ರ ನಿನ್ನ ಹೆಸರು ಉಳೀತದ," ಎಂದರು. "ಚೀಟಿ ಬರಿಯೂದು ನನಗೇನ ಹೊಸಾದಲ್ಲ."

ಆ ಮಾತು ಅವರು ನನ್ನ ಒಳ್ಳೆಯದಕ್ಕೇ ಆಡಿದ್ದು. ನಾನು ಮಾತ್ರ ಬೇರೆಯೇ ಲೆಕ್ಕ ಹಾಕಿದೆ. ಆ ನಾಲ್ಕರ ಸಂಜೆಗಳು ಹೋದರೆ ಅವರ ಗುನುಗೂ ಹೋಗುತ್ತದೆ, ಮಗಳು ಮತ್ತೆ ಸೊಟ್ಟ ಗೆರೆ ಎಳೆಯುತ್ತಾಳೆ. "ಇನ್ನೊಂದು ಪರೀಕ್ಷಾ ತನಕಾ ತಡೀರಿ," ಎಂದೆ. "ಆರು ತಿಂಗಳು. ಆಗೂ ಹಿಂಗಾದ್ರ ನಾನೇ ಸಾವಕಾರರ ಅಂಗಡಿ ಮೆಟ್ಟಲಾ ಹತ್ತತೇನಿ." ಅವರು ಹೂಂ ಎಂದು, ಸಾವಕಾರರಿಗೂ ಮುಂದಿನ ಪರೀಕ್ಷೆಯವರೆಗೆ ತಡೆಯಲು ಹೇಳಿ ಬಂದರು.

ಹೇಳುವುದೇನೋ ಹೇಳಿಬಿಟ್ಟೆ, ಮಾಡುವುದೇನು ಎಂದು ಗೊತ್ತಿರಲಿಲ್ಲ. ಕಂಬಾರರ ಹುಡುಗಿ ಪೇಢೆ ತಂದುಕೊಟ್ಟಾಗ ನಾನು ಸ್ವಲ್ಪ ಕೊಂಕಾಗಿಯೇ, ಎಲ್ಲರಿಗಿಂತ ನಿಧಾನದವಳು ನೀನು, ಹೇಗೆ ಪಾಸಾದೆ ಎಂದು ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

"ನಮ್ಮನಿ ಕುಲುಮಿ ಮಗ್ಗಲಕ್ಕೇ ಅದರಿ ಅಕ್ಕೋರ," ಎಂದಳು. "ನಮ್ಮಪ್ಪ ಸುತ್ತಿಗಿ ಹೊಡಿವಾಗ ನಾ ಅಲ್ಲೇ ಕುಂತು ಓದಾಕಿ. ನನಗ ಆ ಹಾಲ್ ಮನಿ ಇದ್ದಂಗ ಅನಸ್ತು."

ಅಲ್ಲಿಗೆ ಎಲ್ಲ ಬೆಳಕಾಯಿತು. ನಾನು ಕಲಿತದ್ದು ಇಪ್ಪತ್ತು ಮಶೀನಿನ ಶಾಲೆಯಲ್ಲಿ. ಆ ಗದ್ದಲ ನನ್ನ ಕಿವಿಯಲ್ಲಿ ಎಷ್ಟು ಬೆರೆತುಹೋಗಿತ್ತೆಂದರೆ ಅದೂ ಕಲಿಯಬೇಕಾದ ಒಂದು ಪಾಠ ಎಂದು ನನಗೆ ತೋಚಿರಲೇ ಇಲ್ಲ. ಹುಡುಗಿಯರ ಬೆರಳಿಗೆ ತಪ್ಪಿರಲಿಲ್ಲ. ತಪ್ಪು ನನ್ನ ಕೌದಿಯದು, ನನ್ನ ಅರಳೆಯದು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ನಾನು ಮಾಡಿದ್ದನ್ನು ಐದು ಹುಡುಗಿಯರು ಉಂಡಿದ್ದರು.

ಈಗ ಎರಡೇ ದಾರಿ. ಕೌದಿ ತೆಗೆದರೆ ಚಾಚಾ ಹೋಗುತ್ತಾರೆ, ಇಟ್ಟರೆ ಪರೀಕ್ಷೆ ಹೋಗುತ್ತದೆ. ಎರಡು ದಿನ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಚಾಚಾರ ಮುಂದೆ ಹೋಗಿ ನಿಂತೆ. ಅರಳೆಯ ಕಥೆ ಅವರಿಗೆ ಗೊತ್ತೇ ಇರಲಿಲ್ಲ. ಮಶೀನುಗಳೇ ಸುಧಾರಿಸಿವೆ ಎಂದುಕೊಂಡಿದ್ದರು. ಕೇಳಿ, ಟೋಪಿ ತೆಗೆದು ತಲೆ ಸವರಿಕೊಂಡರು.

"ನನ್ನ ನಿದ್ದಿ ಸಲುವಾಗಿ ಐದು ಹೆಣ್ಣಮಕ್ಕಳು ನಪಾಸ್ ಆದ್ವೇನು?" ಎಂದರು. "ಮೊದ್ಲೇ ಯಾಕ ಹೇಳಲಿಲ್ಲ ಬೇಟಿ?"

ನಿಮ್ಮ ನಿದ್ದೆ ನಿಮ್ಮ ಹಕ್ಕು, ನಿಮ್ಮ ಮನೆ ಎಂದೆ. ಆಮೇಲೆ ಅವರು ಪೇಶ್ಕಾರರೇ ಆದರು. ಇಬ್ಬರ ವಾದವನ್ನೂ ತೂಗಿ ಒಂದೊಂದೇ ಹುಕುಂ ಹೊರಡಿಸಿದರು. ಗಂಟೆಯ ಅರಳೆಯನ್ನು ಇವತ್ತೇ ಬಿಚ್ಚುವುದು. ಕೌದಿ ದಿನಾಲೂ ಇರಲಿ, ಆದರೆ ಶುಕ್ರವಾರ ಬೇಡ. ಶುಕ್ರವಾರ ಅವರು ಹನ್ನೆರಡೂವರೆಗೆ ಜುಮ್ಮಾ ನಮಾಜಿಗೆ ಮಸೀದಿಗೆ ಹೋಗುತ್ತಾರೆ, ಮುಗಿದ ಮೇಲೆ ಹಳೆಯ ದೋಸ್ತರೊಡನೆ ಕೂತು ಮೂರರ ತನಕ ಮನೆಗೆ ಬರುವುದಿಲ್ಲ. ಅಂಗಳದಲ್ಲಿ ಅವರ ಹೆಂಡತಿ ಚಾಚಿ ಇರುತ್ತಾರೆ, ಅವರಿಗೆ ಕಿವಿ ಮಂದ.

"ಅವತ್ತು ಛತ್ತ ಹಾರಿ ಹೋಗಂಗ ಬಡೀರಿ," ಎಂದರು.

ಹಾಗೆಯೇ ಬಡಿದೆವು. ಶುಕ್ರವಾರ ಕೌದಿ ಸುತ್ತಿ ಮೂಲೆಗಿಟ್ಟು, ಮಶೀನುಗಳನ್ನು ಬರಿಯ ಮೇಜಿನ ಮೇಲೆ ಇಡುತ್ತಿದ್ದೆ. ನಾಲ್ವರು ಟೈಪ್ ಮಾಡುವಾಗ ಉಳಿದವರು ತಾಟು ಚಮಚೆ ಹಿಡಿದು ಬಡಿಯಬೇಕು, ಒಬ್ಬಳು ಪಂಚಾಂಗವನ್ನು ಗಟ್ಟಿಯಾಗಿ ಓದಬೇಕು. ಕಂಬಾರರ ಹುಡುಗಿ ಪಾಸಾಗಿದ್ದರೂ ಆ ದಿನ ತಪ್ಪದೆ ಬರುತ್ತಿದ್ದಳು, ಕೈಯಲ್ಲಿ ಕಬ್ಬಿಣದ ತುಂಡು ಮತ್ತು ಸಣ್ಣ ಸುತ್ತಿಗೆ. ಅವಳೇ ನನ್ನ ಗದ್ದಲದ ಮೇಸ್ತ್ರಿ. ನಾನು ಪೂಜೆಯ ಗಂಟೆ ಹಿಡಿದು ಹಿಂದೆ ತಿರುಗಾಡುತ್ತ ಎಲ್ಲೆಂದರಲ್ಲಿ ಬಾರಿಸುತ್ತಿದ್ದೆ. ಸುಳ್ಳು ಗಂಟೆಗೆ ಯಾರ ಎಡಗೈ ಹಿಡಿಕೆಗೆ ಹೋಯಿತೋ ಅವಳು ಎದ್ದು ತಾಟು ಬಡಿಯುವವರ ಸಾಲಿಗೆ. ಮೊದಲ ಶುಕ್ರವಾರ ಐದು ನಿಮಿಷದಲ್ಲಿ ಎಲ್ಲರೂ ತಾಟು ಬಡಿಯುವವರೇ ಆದರು. ಓಣಿಯವರು ಇದೇನು ಟೈಪಿಂಗೋ ಭಜನೆಯೋ ಎಂದು ಇಣುಕಿದರು.

ಒಂದೂವರೆ ತಿಂಗಳಾದರೂ ಎರಡು ಜಡೆಯ ಹುಡುಗಿಯ ಕೈ ನಿಲ್ಲಲಿಲ್ಲ. ಗಂಟೆ ಎಂದರೆ ಸಾಕು, ಬೆಚ್ಚುತ್ತಿದ್ದಳು. ಒಂದು ದಿನ ಅತ್ತಳು, ತನಗೆ ಮದುವೆಯೇ ಗತಿ ಎಂದಳು. ಗಂಟೆಯನ್ನು ಕಿವಿಯಿಂದ ಕೇಳಬೇಡ, ಹಿಡಿದ ಸಾಲು ಎಷ್ಟು ಉದ್ದ ಬಂದಿದೆ ಎಂದು ಬೆರಳಿಗೆ ಗೊತ್ತಿರುತ್ತದೆ, ಅದು ಹೌದು ಅಂದಾಗ ಮಾತ್ರ ಗಂಟೆಯನ್ನು ನಂಬು ಎಂದೆ. ಅವಳ ಪಕ್ಕದಲ್ಲಿ ಕೂತು ಒಂದೊಂದೇ ಸಾಲನ್ನು ಹೊಡೆಸಿದೆ. ಅಮಾವಾಸ್ಯೆಯ ಸಂಜೆಗಳನ್ನೆಲ್ಲ ಅವಳಿಗೇ ಕೊಟ್ಟೆ. ಮೂರನೆಯ ಅಮಾವಾಸ್ಯೆಗೆ ನಾನು ಹಿಂದಿನಿಂದ ಎಷ್ಟು ಬಾರಿಸಿದರೂ ಅವಳ ಎಡಗೈ ಕೀಲಿ ಬಿಟ್ಟು ಕದಲಲಿಲ್ಲ. ಆ ಸಂತೋಷಕ್ಕೆ ನಾನು ಗಂಟೆ ಕೆಳಗಿಟ್ಟು ಅವಳಿಗೆ ಸುಸಲಾ ತಿನ್ನಿಸಿ ಕಳಿಸಿದೆ.

ಈ ಸಲ ಪರೀಕ್ಷೆಗೆ ಹನ್ನೊಂದು ಹುಡುಗಿಯರು. ಬಿಡಿಸುತ್ತೇವೆ ಎಂದವರು ಬಿಡಿಸಿರಲಿಲ್ಲ, ಆರು ಮಂದಿ ಹೊಸಬರು ಸೇರಿದ್ದರು. ನಮ್ಮವರು ಜೊತೆಯ ಡ್ರೈವರನೊಂದಿಗೆ ಡ್ಯೂಟಿ ಅದಲು ಬದಲು ಮಾಡಿಕೊಂಡು ನಾವು ಹತ್ತಿದ ಬಸ್ಸನ್ನು ತಾವೇ ಓಡಿಸಿದರು. ಹುಡುಗಿಯರ ತಾಯಿತಂದೆಯರಿಗೆ ಅದೊಂದು ಧೈರ್ಯ. ಕೇಂದ್ರದಲ್ಲಿ ನಾನು ಅದೇ ಬೇವಿನ ಮರದ ಕೆಳಗೆ ನಿಂತೆ. ಆಲಿಕಲ್ಲು ಮತ್ತೆ ಸುರಿಯಿತು, ಗಂಟೆಗಳು ಮತ್ತೆ ಬಾರಿಸಿದವು. ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದೆ.

ಎರಡು ಜಡೆಯ ಹುಡುಗಿ ಹೊರಗೆ ಬಂದವಳು ಮೊದಲು ನೀರು ಕುಡಿದಳು. ಆಮೇಲೆ, "ಮಂದಿ ಗಂಟಿ ಮಂದಿಗಿ, ನನ್ನ ಗಂಟಿ ನನಗರಿ ಅಕ್ಕೋರ," ಎಂದು ನಕ್ಕಳು. ಪರೀಕ್ಷೆಯ ಫಲ ಏನೇ ಬರಲಿ, ಆ ನಗು ನೋಡಿ ನನಗೆ ಸಮಾಧಾನವಾಯಿತು. ಸಾವಕಾರರ ಮೆಟ್ಟಿಲು ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಎರಡು ತಿಂಗಳ ಮೇಲೆ ಫಲಿತಾಂಶದ ಪಟ್ಟಿ ಗುಲ್ಬರ್ಗಾದ ಕೇಂದ್ರದಲ್ಲಿ ಹಚ್ಚುತ್ತಾರೆಂದು ಸುದ್ದಿ ಬಂತು. ಅವತ್ತು ನಮ್ಮವರದು ವಸ್ತಿಯ ದಿನ. ಹನ್ನೆರಡಕ್ಕೆ ಹೊರಟರು. ಗುಲ್ಬರ್ಗಾದಲ್ಲಿ ಬಸ್ಸು ನಿಂತಾಗ ಓಡಿಹೋಗಿ ನೋಡುತ್ತಾರೆ, ಆದರೆ ತಿರುಗಿ ಜೇವರ್ಗಿಗೆ ಬಂದಾಗ ಹತ್ತು ನಿಮಿಷವೂ ನಿಲ್ಲಲು ಇಲ್ಲ, ಹಾಗೇ ಹಳ್ಳಿಗೆ ಹೋಗಬೇಕು. ಹಾಗಾಗಿ ಮರುದಿನ ನಾಲ್ಕರವರೆಗೆ ಗೊತ್ತಾಗುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಆದರೂ ಹನ್ನೊಂದು ಹುಡುಗಿಯರೂ ಬಂದು ಕೂತಿದ್ದರು. ಯಾರ ಬೆರಳೂ ಕೀಲಿಯ ಮೇಲೆ ನಿಲ್ಲುತ್ತಿರಲಿಲ್ಲ. ಆಗ ನೋಡಿದರೆ ಬಾಗಿಲಲ್ಲಿ ಚಾಚಾರ ಕುರ್ಚಿ ಖಾಲಿ. ನಿದ್ದೆಯ ಹೊತ್ತಿನಲ್ಲಿ ಅವರು ಎಲ್ಲಿಗೆ ಹೋದರೆಂದು ಚಾಚಿಗೂ ತಿಳಿಯದು.

ಮೂರೂ ಮುಕ್ಕಾಲಿಗೆ ಚಾಚಾ ಬಿಸಿಲಲ್ಲಿ ಕೆಂಪಾಗಿ, ಏದುಸಿರು ಬಿಡುತ್ತ ಬಂದರು. ಎರಡರಿಂದ ಬಸ್‌ಸ್ಟ್ಯಾಂಡಿನಲ್ಲಿ ಕಾದು ಕೂತಿದ್ದರಂತೆ. ನಿದ್ದೆ ಹತ್ತಲಿಲ್ಲ ಎಂದಷ್ಟೇ ಹೇಳಿ, ಜೇಬಿನಿಂದ ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟರು. ಬಸ್ಸಿನ ಕಿಟಕಿಯಿಂದ ನಮ್ಮವರು ಕೊಟ್ಟದ್ದು.

ಎಷ್ಟೋ ತಿಂಗಳ ಮೇಲೆ ಅವರ ಕೈಬರಹದ ಚೀಟಿ. ಮೊದಲು ಪಾಸಾದವರ ನಂಬರುಗಳು, ಒಂದರ ಕೆಳಗೊಂದು. ಎಣಿಸಿದೆ, ಒಂಬತ್ತು. ಎರಡು ಜಡೆಯ ಹುಡುಗಿಯ ನಂಬರು ನಾಲ್ಕನೆಯದು. ನಾನು ಗಟ್ಟಿಯಾಗಿ ಓದಿದೆ. ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಉಳಿದ ಇಬ್ಬರನ್ನು ನಾನು ಹತ್ತಿರ ಕೂರಿಸಿಕೊಂಡು ಮುಂದಿನ ಸಲ ನಿಮ್ಮದೇ ಎಂದೆ. ಚಾಚಾ ಕುರ್ಚಿಯಲ್ಲಿ ಕೂತು ಟೋಪಿಯಿಂದ ಗಾಳಿ ಹಾಕಿಕೊಂಡರು.

ಎಲ್ಲರೂ ಹೋದ ಮೇಲೆ ಚೀಟಿಯ ಕೊನೆಯ ಸಾಲನ್ನು ಓದಿದೆ. ಅದನ್ನು ಹುಡುಗಿಯರ ಮುಂದೆ ಓದಿರಲಿಲ್ಲ.

"ಸಾವಕಾರರಿಗಿ ಬ್ಯಾಡ ಅಂತ ಹೇಳಿ ಬಂದೀನಿ. ಉಳಿದದ್ದು ಚೀಟ್ಯಾಗ ಬರಿಯಂಗಿಲ್ಲ. ನಾಳಿಗಿ ನಾಕಕ್ಕ ಎದುರಿಗಿ ಕುಂತು ಹೇಳತೇನಿ."

ಜೇವರ್ಗಿಯಲ್ಲಿ ಬಸ್ಸು ನಿಂತ ಆ ಐದಾರು ನಿಮಿಷದಲ್ಲೇ ಎದುರಿನ ಸಾವಕಾರರ ಅಂಗಡಿಗೆ ಹೋಗಿ ಆ ಮಾತು ಹೇಳಿ ಬಂದಿದ್ದರು. ನಾನು ಕೂತಲ್ಲೇ ಅತ್ತೆ. ಶಾಲೆಯಿಂದ ಬಂದ ಮಗಳು ಚೀಟಿ ನೋಡಿದವಳೇ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಇಡಲೇ ಎಂದು ಕೇಳಿದಳು. ಬೇಡ ಎಂದು ಅವಳ ಕೈಯಿಂದ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡೆ.

ಮರುದಿನ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಹುಡುಗಿಯರನ್ನು ಕಳಿಸಿ, ಮಶೀನುಗಳಿಗೆ ಕೌದಿ ಹೊದಿಸಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಬಾಗಿಲಲ್ಲಿ ಬಂದು ನಿಂತೆ. ಕ್ಲಾಸು ನಡೆಸಿದ ಅಷ್ಟೂ ವರ್ಷಗಳಲ್ಲಿ ಹೊತ್ತಿಗೆ ಮೊದಲೇ ಮುಚ್ಚಿದ್ದು ಅದೊಂದೇ ದಿನ.